ಶಾಬ್ಲಿಯಿಂದ ತಂದ ಕಲ್ಲು

ಮೊನ್ನೆ ಮಸ್ಕತ್ತಿನ ಮತ್ರಾದಲ್ಲಿ, ಸೂಕ್ ಎನ್ನುವ ಹಳೆಯ ಪೇಟೆಯ ಹಿಂದಿನ ಗಲ್ಲಿಯೊಂದರಲ್ಲಿ, ಹಳೆಯ ವರ್ತಕರ ಮನೆಯ ಗೋಡೆಗೆ ಸುಣ್ಣ ಬಳಿಯುತ್ತಿದ್ದರು. ಈಗ ಎಲ್ಲ ಕಡೆ ಡಬ್ಬಿ ಪೇಂಟು. ಇಲ್ಲಿ ಮಾತ್ರ ಯಾಕೋ ಹಳೆಯ ರೀತಿಯ ಸುಣ್ಣ. ಬಿಸಿಲಿಗೆ ಬೇಗ ಒಣಗಿ ಬಿರುಕು ಬಿಡದಿರಲೆಂದು ಕೆಲಸಗಾರನೊಬ್ಬ ಗೋಡೆಗೆ ನೀರು ಚಿಮುಕಿಸುತ್ತಿದ್ದ. ದರ್ಜಿಯಂಗಡಿಗೆ ಹೊರಟಿದ್ದ ನಾನು ಅಲ್ಲೇ ನಿಂತುಬಿಟ್ಟೆ. ಒದ್ದೆ ಸುಣ್ಣದ ವಾಸನೆ... ಹಿಂದಿನಿಂದ ಬಂದ ತಳ್ಳುಗಾಡಿಯವನು ಎರಡು ಸಲ "ಯಲ್ಲಾ, ಯಲ್ಲಾ" ಎಂದ ಮೇಲೆ ಪಕ್ಕಕ್ಕೆ ಸರಿದೆ.

ಈ ವಾಸನೆಗೆ ನನ್ನ ತಲೆಯಲ್ಲಿರುವುದು ಒಂದೇ ಹೆಸರು, ಶಾಬ್ಲಿ. ಅದು ಫ್ರಾನ್ಸಿನ ಒಂದು ಪುಟ್ಟ ಊರು. ಅದರ ಸುತ್ತಲಿನ ದ್ರಾಕ್ಷಿಯ ಗುಡ್ಡಗಳಿಗೂ ಆ ಗುಡ್ಡಗಳಿಂದ ಬರುವ ಬಿಳಿ ವೈನಿಗೂ ಅದೇ ಹೆಸರು. ಕುಂದಾಪುರದ ಕಡೆಯ ಹೆಣ್ಣಿಗೂ ಶಾಬ್ಲಿಗೂ ಎಲ್ಲಿಯ ಸಂಬಂಧ ಎಂದು ಕೇಳಿದರೆ, ನಾನು ನಮ್ಮ ಕ್ಯಾಪ್ಟನ್ ಕಥೆ ಹೇಳಬೇಕಾಗುತ್ತದೆ. ಅದನ್ನು ಇಷ್ಟು ವರ್ಷ ಯಾರಿಗೂ ಪೂರ್ತಿ ಹೇಳಿರಲಿಲ್ಲ.

ಹೋಟೆಲಿನಲ್ಲಿ ಕ್ಯಾಪ್ಟನ್ ಎಂದರೆ ಊಟ ಬಡಿಸುವವರ ಮೇಲಿನವರು. ಮಸ್ಕತ್ತಿನ ನಮ್ಮ ಹೋಟೆಲಿನಲ್ಲಿ ವೈನಿನ ಜವಾಬ್ದಾರಿಯೂ ಅವರದೇ ಆಗಿತ್ತು. ಉಡುಪಿ ಕಡೆಯ ಕೊಂಕಣಿ ಕ್ರಿಶ್ಚಿಯನ್ನರು, ಹೊಳೆಯ ದಂಡೆಯ ಮನೆ. ಸಣಕಲು ಶರೀರ, ಮುಖಕ್ಕೆ ಮೀರಿದ ಮೂಗು. ಮನೆಯಲ್ಲಿ ಕೊಂಕಣಿ, ಅಡುಗೆಕೋಣೆಯಲ್ಲಿ ಹಿಂದಿ, ಗಿರಾಕಿಗಳ ಹತ್ತಿರ ಇಂಗ್ಲಿಷ್, ನನ್ನ ಹತ್ತಿರ ಕನ್ನಡ. ಜೀವಮಾನವಿಡೀ ವೈನ್ ಸುರಿದ ಮನುಷ್ಯ ಒಂದು ಹನಿಯನ್ನೂ ಗಂಟಲಿಗೆ ಇಳಿಸಿದವರಲ್ಲ. ಹೋಟೆಲ್ ಕೆಲಸಕ್ಕೆ ಹೊರಟ ದಿನ ತಾಯಿಗೆ ಮಾತು ಕೊಟ್ಟಿದ್ದರಂತೆ. ಮೂಸುವುದು, ಬಾಯಲ್ಲಿ ಆಡಿಸುವುದು, ಉಗಿಯುವುದು, ಅಷ್ಟೇ. "ನನ್ನ ಕುಡಿತ ಎಲ್ಲ ಮೂಗಿನಲ್ಲೇ" ಎನ್ನುತ್ತಿದ್ದರು.

ರಂಜಾನ್ ತಿಂಗಳಲ್ಲಿ ಬಾರಿಗೆ ಬೀಗ. ಬಾಟಲಿಗಳ ಧೂಳು ಒರೆಸುವುದು ಬಿಟ್ಟರೆ ನಮಗೆ ಬೇರೆ ಕೆಲಸವಿಲ್ಲ. ಆಗ ಕ್ಯಾಪ್ಟನ್ ನಮ್ಮನ್ನು ದಾಸ್ತಾನು ಕೋಣೆಯಲ್ಲಿ ಕೂರಿಸಿ ಪಾಠ ಮಾಡುತ್ತಿದ್ದರು. ಒಂದು ಬಾಟಲಿಯನ್ನೂ ತೆರೆಯದೆ ವೈನಿನ ಪಾಠ! ಉಳಿದ ಊರುಗಳನ್ನು ಅರ್ಧ ಗಂಟೆಯಲ್ಲಿ ಮುಗಿಸಿ ಶಾಬ್ಲಿಗೆ ಬಂದರೆ, ಹೋದ ವರ್ಷ ಕೇಳಿದ್ದನ್ನೇ ಮತ್ತೆ ಕೇಳಬೇಕು. ಹಳಬರು ಹಿಂದಿನ ಸಾಲಿನಲ್ಲಿ ತೂಕಡಿಸುತ್ತಿದ್ದರು. ನಾನು ತೂಕಡಿಸಲಿಲ್ಲ. ಒಂದು ಸಣ್ಣ ಹೊಳೆ, ಎರಡೂ ಕಡೆ ಗುಡ್ಡ. ಬೆಳೆಯುವುದು ಒಂದೇ ಜಾತಿಯ ದ್ರಾಕ್ಷಿ. ಊರಿನೆದುರು ಬಿಸಿಲಿಗೆ ಮುಖ ಮಾಡಿದ ಒಂದು ಗುಡ್ಡಕ್ಕೆ ಏಳು ತುಂಡಾಗಿ ಏಳು ಹೆಸರು. ಅಲ್ಲಿನದು ಎಲ್ಲಕ್ಕಿಂತ ಮೇಲು. ಮಣ್ಣಿನ ತುಂಬ ಚಿಕ್ಕ ಚಿಕ್ಕ ಚಿಪ್ಪು, ಯಾವುದೋ ಕಾಲದಲ್ಲಿ ಅದು ಸಮುದ್ರದ ತಳವಾಗಿತ್ತಂತೆ. ಚಳಿ ಎಷ್ಟೆಂದರೆ, ವಸಂತದಲ್ಲಿ ಚಿಗುರು ಬಂದ ಮೇಲೂ ಹಿಮ ಬಿದ್ದು ಸುಟ್ಟುಹಾಕುತ್ತದೆ. ಚಿಗುರು ಉಳಿಸಲು ರೈತರು ನಸುಕಿಗೆ ಎದ್ದು ಬಳ್ಳಿಗಳ ಸಾಲಿನ ನಡುವೆ ಸಣ್ಣ ಸಣ್ಣ ಬೆಂಕಿ ಇಡುತ್ತಾರೆ.

"ಅಷ್ಟು ಕಷ್ಟಪಟ್ಟು ಮಾಡುವ ವೈನ್ ಮಾರಾಯ್ತಿ, ಆದರೆ ಅದಕ್ಕೆ ಚೂರೂ ಜಂಬ ಇಲ್ಲ" ಎನ್ನುತ್ತಿದ್ದರು. "ಸಿಹಿ ಇಲ್ಲ, ಮರದ ಪೀಪಾಯಿಯ ಪರಿಮಳ ಅಂತ ಹೆಚ್ಚು ಇಲ್ಲ. ಹುಳಿ, ತಣ್ಣಗೆ, ನೆಟ್ಟಗೆ. ಬೇಕಾದರೆ ಕುಡಿ, ಬೇಡವಾದರೆ ಬಿಡು, ಹಾಗೆ."

ಅವರೂ ಹಾಗೇ ಇದ್ದರು. ಟಿಪ್ಸಿಗೆ ಹಲ್ಲು ಗಿಂಜಿದವರಲ್ಲ. ಬೇರೆ ದೇಶದವರು ಅಗ್ಗದ ಬಿಳಿ ವೈನಿಗೆಲ್ಲ ಶಾಬ್ಲಿ ಎಂಬ ಹೆಸರು ಅಂಟಿಸಿ ಮಾರಿದ್ದರೆಂದು ಹೇಳುವಾಗ ಮಾತ್ರ, ಸ್ವಂತ ಜಾಗದ ಬೇಲಿ ಯಾರೋ ಒಳಗೆ ಸರಿಸಿದ್ದಾರೆ ಎನ್ನುವಷ್ಟು ಸಿಟ್ಟಾಗುತ್ತಿದ್ದರು.

ಆ ವೈನಿನ ವಾಸನೆ ನನಗೆ ಮೊದಲು ಹಿಡಿಯಲೇ ಇಲ್ಲ. ಈದ್ ಕಳೆದು ಬಾಟಲಿ ತೆರೆದಾಗ ನಾನು ಪುಸ್ತಕದಲ್ಲಿ ಓದಿದ್ದನ್ನು ಒಪ್ಪಿಸಿದೆ, ಚಕಮಕಿ ಕಲ್ಲು ಎಂದು. ಅವರು ನಕ್ಕರು.

"ಚಕಮಕಿ ಕಲ್ಲು ನೀನು ಮೂಸಿದ್ದೀಯಾ? ನಾನೂ ಇಲ್ಲ. ಮೂಗು ಇರುವುದು ಕನ್ನಡಕ ಇಡ್ಲಿಕ್ಕೆ ಮಾತ್ರವಾ? ಚಿಪ್ಪು ಸುಟ್ಟ ಸುಣ್ಣ ಉಂಟಲ್ಲ, ಅದನ್ನು ಬಳಿದ ಗೋಡೆಗೆ ಮೊದಲ ಮಳೆ ಬೀಳುವಾಗ ಎಂತ ವಾಸನೆ ಬರ್ತದೆ? ಈಗ ನೋಡು."

ಮತ್ತೆ ಮೂಸಿದೆ. ಅದೇ! ಅಜ್ಜಿಯ ಮನೆಯ ಹಿತ್ತಲ ಗೋಡೆ ಗ್ಲಾಸಿನೊಳಗೆ ಬಂದು ನಿಂತಿತ್ತು. ಅವರ ಮನೆಯವರು ಹೊಳೆಯಲ್ಲಿ ಚಿಪ್ಪು ಹೆಕ್ಕಿ ಸುಣ್ಣದ ಗೂಡಿಗೆ ಹಾಕುತ್ತಿದ್ದವರಂತೆ. ಕಂಡಿರದ ಊರೊಂದನ್ನು ಅವರು ಯಾಕೆ ಅಷ್ಟು ಹಚ್ಚಿಕೊಂಡಿದ್ದರೆಂದು ಆಗ ಅರ್ಥವಾಯಿತು. ಮಸ್ಕತ್ತಿನಿಂದ ರುಸ್ತಾಕಿಗೆ ಹೋಗುವ ದಾರಿಯ ಗುಡ್ಡವೊಂದರಿಂದ ಅವರು ಹೆಕ್ಕಿ ತಂದ, ಚಿಪ್ಪಿನ ಗುರುತಿದ್ದ ಕಲ್ಲೊಂದು ದಾಸ್ತಾನು ಕೋಣೆಯ ಕಪಾಟಿನಲ್ಲಿತ್ತು. "ಇಲ್ಲಿಯದು ಸಿಕ್ಕಿತು. ಇನ್ನು ಅಲ್ಲಿಯದೊಂದು ನನ್ನ ಕೈಯಿಂದಲೇ ಹೆಕ್ಕಬೇಕು" ಎನ್ನುತ್ತಿದ್ದರು. ಅವರಿಗಿದ್ದ ಆಸೆ ಅದೊಂದೇ.

ಕೊರೊನಾ ಬಂತು. ಹೋಟೆಲ್ ಮುಚ್ಚಿತು, ಎಷ್ಟೋ ಮಂದಿ ಊರಿಗೆ ಹೋದರು. ಕ್ಯಾಪ್ಟನ್ ಜ್ವರ ಬಂದು ಮಲಗಿ ಎದ್ದು, ಮತ್ತೆ ಬಾಗಿಲು ತೆರೆದಾಗ ಹಿಂದಿನಂತೆಯೇ ಇಸ್ತ್ರಿಯ ಕೋಟು ಹಾಕಿ ಬಂದರು. ಒಂದು ಮಧ್ಯಾಹ್ನ ಸಿಬ್ಬಂದಿಯ ಚಹಾಕೋಣೆಗೆ ಹೋದರೆ ಒಲೆಯ ಮೇಲೆ ಹಾಲು ಉಕ್ಕಿ, ಸೀದು, ಕೋಣೆಯಿಡೀ ಹೊಗೆವಾಸನೆ. ಪಕ್ಕದಲ್ಲೇ ಒಲೆಗೆ ಬೆನ್ನು ಹಾಕಿ ಕೂತಿದ್ದ ಕ್ಯಾಪ್ಟನ್ ಪೇಪರ್ ಓದುತ್ತಿದ್ದರು. ನಾನು ಒಲೆ ಆರಿಸಿ ಅವರ ಮುಖ ನೋಡಿದೆ. ಆಗಷ್ಟೇ ಒಲೆಯ ಕಡೆ ತಿರುಗಿದ ಅವರು ಪೇಪರ್ ಮಡಚಿಟ್ಟರು.

"ಯಾರಿಗೂ ಹೇಳಬೇಡ ಆಯ್ತಾ" ಎಂದರು. "ಗೊತ್ತಾದರೆ ಖಲಾಸ್. ಮೂಗಿಲ್ಲದವನಿಗೆ ಇಲ್ಲಿ ಎಂತ ಕೆಲಸ?"

ಹೇಳಲಿಲ್ಲ. ಅಂದಿನಿಂದ ನಾನು ಅವರ ಮೂಗಾದೆ. ಅವರು ಬದಿಯ ಮೇಜಿನಲ್ಲಿ ಬಾಟಲಿಯ ಬಿರಡೆ ತೆಗೆದು ತಟ್ಟೆಯಲ್ಲಿಟ್ಟು ನನಗೆ ಕೊಡಬೇಕು. ನಾನು ತಟ್ಟೆ ಎತ್ತುವ ನೆವದಲ್ಲಿ ಮೂಸಬೇಕು. ಸರಿಯಿದ್ದರೆ ಕೈಬಟ್ಟೆಗೆ ಬೆರಳು ಒರೆಸಿಕೊಳ್ಳುತ್ತಿದ್ದೆ, ಅವರು ಸುರಿಯುತ್ತಿದ್ದರು. ಬಿರಡೆ ಕೆಟ್ಟು, ಮಳೆಗಾಲದಲ್ಲಿ ಒಣಗದ ಗೋಣಿಚೀಲದ ವಾಸನೆ ಬಂದರೆ ಒರೆಸಿಕೊಳ್ಳುತ್ತಿರಲಿಲ್ಲ, ಅವರು ಸದ್ದಿಲ್ಲದೆ ಬೇರೆ ಬಾಟಲಿ ತರುತ್ತಿದ್ದರು. ಒಂದು ವರ್ಷಕ್ಕೂ ಹೆಚ್ಚು ಕಾಲ ಹೀಗೇ ನಡೆಯಿತು. ಇಲ್ಲಿಯ ವಾರದ ರಜೆಯಾದ ಶುಕ್ರವಾರ, ಮಸ್ಕತ್ತಿನದೇ ರೂವಿಯ ಇಗರ್ಜಿಯಲ್ಲಿ ಪೂಜೆ ಮುಗಿಸಿ ಬರುವಾಗ ನನಗೆಂದು ಗೋಳಿಬಜೆ ಕಟ್ಟಿಸಿ ತರುತ್ತಿದ್ದರು. ಬಿಸಿ ಆರಿರುತ್ತಿತ್ತು, ಆದರೂ ಚೆನ್ನಾಗಿರುತ್ತಿತ್ತು.

ಆದರೆ ನನ್ನೊಳಗೆ ಏನೋ ಕೊಳೆಯುತ್ತಿತ್ತು, ಸುಳ್ಳು ಯಾಕೆ ಹೇಳಲಿ. ಗಿರಾಕಿಗಳು ಅವರ ಕೈ ಕುಲುಕಿ "ಎಂಥ ಮೂಗು!" ಎನ್ನುವಾಗ ನಾನು ಹಿಂದೆ ಖಾಲಿ ತಟ್ಟೆ ಹಿಡಿದು ನಿಂತಿರುತ್ತಿದ್ದೆ.

ಆಗ ಆ ಪತ್ರ ಬಂತು. ಹೋಟೆಲಿಗೆ ವೈನ್ ಒದಗಿಸುವ ಕಂಪೆನಿಯವರು ಒಬ್ಬರನ್ನು ಹತ್ತು ದಿನ ಶಾಬ್ಲಿಗೆ ಕರೆದೊಯ್ಯುತ್ತಾರೆ, ಹೋಟೆಲಿನವರೇ ಆರಿಸಿ ಹೇಳಬೇಕು. ಕ್ಯಾಪ್ಟನ್ ಪತ್ರವನ್ನು ಮಡಚಿ ಕೋಟಿನ ಒಳಜೇಬಿನಲ್ಲಿ ಇಟ್ಟುಕೊಂಡು ಓಡಾಡಿದರು. ಅವರಿಗಲ್ಲದೆ ಯಾರಿಗೆ ಎಂದುಕೊಂಡಿದ್ದೆವು. ಆದರೆ ಹೊಸ ಮ್ಯಾನೇಜರ್ ನ್ಯಾಯವಾಗಿ ನಡೆಯಬೇಕೆಂದು ಪರೀಕ್ಷೆ ಇಟ್ಟರು. ಮೂರು ಗ್ಲಾಸು ಬಿಳಿ ವೈನ್, ಶಾಬ್ಲಿ ಯಾವುದೆಂದು ಚೀಟಿಯಲ್ಲಿ ಬರೆಯಬೇಕು. ಪರೀಕ್ಷೆಗೆ ಕೂರುವವರು ಇಬ್ಬರು, ಕ್ಯಾಪ್ಟನ್ ಮತ್ತು ನಾನು.

ಹಿಂದಿನ ದಿನ ಅವರು ದಾಸ್ತಾನು ಕೋಣೆಗೆ ಕರೆದರು. "ಯಾವಾಗಿನ ಹಾಗೆಯೇ ಮಾಡುವಾ" ಎಂದರು. "ಸರಿಯಾದ ಗ್ಲಾಸ್ ಕೆಳಗಿಟ್ಟ ಮೇಲೆ ಬೆರಳು ಒರೆಸಿಕೋ. ನೀನು ಚೀಟಿಯಲ್ಲಿ ಬೇರೆ ಎಂತಾದರೂ ಬರಿ. ನಿನಗಿನ್ನೂ ವಯಸ್ಸುಂಟು, ನಾಳೆ ಹೋಗ್ಬಹುದು. ನನಗೆ ಇದೊಂದೇ."

ಆಯ್ತು ಎಂದೆ. ಆಯ್ತು ಎಂದದ್ದು ಮನಸಾರೆ, ಅದನ್ನೂ ಹೇಳಿಬಿಡಬೇಕು.

ಮರುದಿನ ಇಬ್ಬರೂ ಎದುರುಬದುರು ಕೂತೆವು, ಇಬ್ಬರ ಮುಂದೆಯೂ ಒಂದೇ ಕ್ರಮದಲ್ಲಿ ಮೂರು ಗ್ಲಾಸು. ಮೊದಲನೆಯ ಗ್ಲಾಸಿನಲ್ಲಿ ಹಣ್ಣಿನ ಪರಿಮಳ, ಶಾಬ್ಲಿ ಅಲ್ಲ. ಎರಡನೆಯದನ್ನು ಮೂಗಿನ ಹತ್ತಿರ ತರುವ ಮೊದಲೇ ಗೊತ್ತಾಯಿತು. ಒದ್ದೆ ಸುಣ್ಣ. ಅಜ್ಜಿಯ ಗೋಡೆ. ಗ್ಲಾಸ್ ಕೆಳಗಿಟ್ಟೆ. ಕೈಬಟ್ಟೆ ತೊಡೆಯ ಮೇಲೇ ಇತ್ತು. ಕ್ಯಾಪ್ಟನ್ ನನ್ನ ಕೈಯನ್ನೇ ನೋಡುತ್ತಿದ್ದರು. ಆ ಗಳಿಗೆಯಲ್ಲಿ ನನಗೆ ಏನಾಯಿತೋ... ಇಲ್ಲ, ಏನಾಯಿತೆಂದು ಚೆನ್ನಾಗಿ ಗೊತ್ತಿದೆ. ಇದು ನನ್ನ ಮೂಗು, ಇದು ನನ್ನದು ಎನಿಸಿತು. ಮೂರನೆಯ ಗ್ಲಾಸ್ ಎತ್ತಿ, ಮೂಸಿ, ಕೆಳಗಿಟ್ಟು, ಬೆರಳುಗಳನ್ನು ಒಂದೊಂದಾಗಿ ಒರೆಸಿಕೊಂಡೆ.

ಅವರು ಮೂರು ಗ್ಲಾಸುಗಳನ್ನೂ ಬಾಯಲ್ಲಿ ಆಡಿಸಿ ಉಗಿದರು. ಎರಡನೆಯದರ ಹತ್ತಿರ ಸ್ವಲ್ಪ ತಡೆದಂತಿತ್ತು. ಆಮೇಲೆ ಬರೆದರು. ಮ್ಯಾನೇಜರ್ ಚೀಟಿಗಳನ್ನು ಗಟ್ಟಿಯಾಗಿ ಓದಿದರು. ಕ್ಯಾಪ್ಟನ್, ಮೂರು. ನಾನು, ಎರಡು.

ಅವರು ಎದ್ದು ಎಲ್ಲರ ಮುಂದೆ ನನ್ನ ಕೈ ಕುಲುಕಿದರು. ಶಾಬ್ಲಿಯನ್ನೇ ಗುರುತಿಸಲಾರದ ಕ್ಯಾಪ್ಟನ್ ಎಂಬ ಮಾತು ಸಂಜೆಯೊಳಗೆ ಹೋಟೆಲಿಡೀ ಹಬ್ಬಿತು.

ನಾನು ಹೊರಡುವ ಹಿಂದಿನ ದಿನ ಕ್ಷಮೆ ಕೇಳಲೆಂದು ದಾಸ್ತಾನು ಕೋಣೆಗೆ ಹೋದೆ. ಅವರು ಬಾಟಲಿ ಒರೆಸುತ್ತಿದ್ದರು, ತಿರುಗಲಿಲ್ಲ.

"ಮೂಗು ಹೋದದ್ದು ಹೌದು. ಆದರೆ ನಾಲಿಗೆಗೆ ಹುಳಿ ಗೊತ್ತಾಗ್ತದೆ. ಎರಡನೆಯದು ಅಂತ ನಾಲಿಗೆ ಹೇಳಿತು."

"ಮತ್ತೆ ಯಾಕೆ ಮೂರು ಬರೆದಿರಿ, ಕ್ಯಾಪ್ಟನ್?"

"ನೀನು ಬೆರಳು ಒರೆಸಿಕೊಂಡಿಯಲ್ಲ" ಎಂದರು. ಬಾಟಲಿಯನ್ನು ಅದರ ಜಾಗದಲ್ಲಿಟ್ಟು ಇನ್ನೊಂದನ್ನು ತೆಗೆದುಕೊಂಡರು. "ಹೋಗಿ ಬಾ. ಬರುವಾಗ ಒಂದು ಕಲ್ಲು ತಾ."

ಕ್ಷಮೆ ಕೇಳದೆಯೇ ಹೋಗಿ ಪೆಟ್ಟಿಗೆ ಕಟ್ಟಿದೆ.

ಶಾಬ್ಲಿ ಅವರು ಹೇಳಿದಂತೆಯೇ ಇತ್ತು. ಸಣ್ಣ ಹೊಳೆ, ಬೂದು ಕಲ್ಲಿನ ಮನೆಗಳು, ಮಾತು ಕಡಿಮೆಯ ಜನ. ನಸುಕಿನ ಚಳಿಯಲ್ಲಿ ಗುಡ್ಡದ ಮೇಲೆ ಸಾಲು ಸಾಲು ಬೆಂಕಿ ನೋಡಿದೆ. ಮುಖ ಮಸಿಯಾದ ರೈತನೊಬ್ಬ ಚಿಗುರನ್ನು ಬೆರಳಲ್ಲಿ ಹಿಡಿದು, ಉಳಿಯಿತೋ ಇಲ್ಲವೋ ಎಂದು ನೋಡುತ್ತಿದ್ದ. ಮಳೆ ಬಂದಾಗ ಬೇರೆ ಹೋಟೆಲುಗಳಿಂದ ಬಂದವರು ವ್ಯಾನಿಗೆ ಓಡಿದರು. ನಾನು ನೆನೆಯುತ್ತ ನಿಂತೆ. ಒದ್ದೆ ಸುಣ್ಣದ ವಾಸನೆ ಮಣ್ಣಿನಿಂದಲೇ ಏಳುತ್ತಿತ್ತು. ಬಿಕ್ಕಿ ಬಿಕ್ಕಿ ಅತ್ತೆ. ಚಿಪ್ಪಿದ್ದ ಕಲ್ಲೊಂದನ್ನು ಹೆಕ್ಕಿ ಕೋಟಿನ ಜೇಬಿಗೆ ಹಾಕಿಕೊಂಡೆ.

ವಾಪಸು ಬರುವಷ್ಟರಲ್ಲಿ ಅವರ ಲಾಕರ್ ಖಾಲಿಯಾಗಿತ್ತು. ಪರೀಕ್ಷೆಯಾದ ಮೇಲೆ ಮ್ಯಾನೇಜರಿಗೆ ಸಂಶಯ ಬಂದು, ಕರೆದು ಮೂಸಿಸಿ ನೋಡಿದ್ದರಂತೆ. ಕರಾರು ಮುಂದುವರಿಸಲಿಲ್ಲ, ಅವರು ಊರಿಗೆ ಹೋಗಿಬಿಟ್ಟಿದ್ದರು. ಫೋನ್ ಮಾಡೋಣವೆಂದು ದಿನಾ ಅಂದುಕೊಂಡೆ, ದಿನಾ ನಾಳೆ ಎಂದೆ. ಮಳೆಗಾಲ ಕಳೆಯುವ ಮೊದಲೇ ಅವರು ತೀರಿಕೊಂಡ ಸುದ್ದಿ ವಾಟ್ಸಾಪಿನಲ್ಲಿ ಬಂತು. ಎದೆನೋವು.

ರಜೆಯಲ್ಲಿ ಅವರ ಮನೆಗೆ ಹೋದೆ, ಕಲ್ಲು ಚೀಲದಲ್ಲಿತ್ತು. ಅವರ ಹೆಂಡತಿ ಕಾಫಿ ಕೊಟ್ಟು, "ಯಾವಾಗಲೂ ನಿನ್ನ ಸುದ್ದಿಯೇ. ನನ್ನ ಮೂಗು ಹೋದರೂ ಚಿಂತೆ ಇಲ್ಲ, ಅಲ್ಲಿ ಒಬ್ಬಳು ಇದ್ದಾಳೆ ಅಂತ ಹೇಳ್ತಿದ್ದರು" ಎಂದರು. ಅವರು ಹೆಂಡತಿಗೆ ಪರೀಕ್ಷೆಯ ವಿಷಯ ಹೇಳಿರಲಿಲ್ಲ. ಕಲ್ಲು ಕೊಟ್ಟರೆ ಅದರ ಕಥೆಯನ್ನೂ ಕೊಡಬೇಕಿತ್ತು. ಕೊಡದೆ ಬಂದೆ.

ಈಗ ನಾನೇ ಕ್ಯಾಪ್ಟನ್. ದಾಸ್ತಾನು ಕೋಣೆಯಲ್ಲಿ ರುಸ್ತಾಕಿನ ಕಲ್ಲು ಇನ್ನೂ ಇದೆ. ಶಾಬ್ಲಿಯದನ್ನು ಅದರ ಪಕ್ಕದಲ್ಲಿಡಲು ನನಗೆ ಕೈ ಬಂದಿಲ್ಲ. ಅದು ನನ್ನ ಕೋಣೆಯಲ್ಲಿ, ಪೆಟ್ಟಿಗೆಯ ಅಡಿಯಲ್ಲಿದೆ.

ಮತ್ರಾದ ಆ ಗಲ್ಲಿಯಲ್ಲಿ ಎಷ್ಟು ಹೊತ್ತು ನಿಂತಿದ್ದೆನೋ. "ಕ್ಯಾ ಹುವಾ, ಬೆಹನ್‌ಜೀ?" ಎಂದು ನೀರು ಚಿಮುಕಿಸುವವನು ಕೇಳಿದ. ಏನಿಲ್ಲ ಎಂದು ತಲೆಯಾಡಿಸಿ ಗೋಡೆಯನ್ನು ಮುಟ್ಟಿದೆ. ಬೆರಳುಗಳಿಗೆ ಸುಣ್ಣ ಮೆತ್ತಿಕೊಂಡಿತು. ಅವನು ಹೆಗಲ ಮೇಲಿನ ಬಟ್ಟೆ ತೆಗೆದು, ಒರೆಸಿಕೊಳ್ಳಿ ಎಂದು ಚಾಚಿದ. ನನ್ನ ಕೈ ಮುಂದೆ ಹೋಗಲಿಲ್ಲ. ದರ್ಜಿಯಂಗಡಿಗೂ ಹೋಗದೆ, ಕೋಣೆಗೆ ಮರಳಲು ರೂವಿಯ ಬಸ್ಸು ಹತ್ತಿದೆ. ದಾರಿಯುದ್ದಕ್ಕೂ ಕೈಯನ್ನು ಮಡಿಲಲ್ಲಿ ತೆರೆದಿಟ್ಟುಕೊಂಡು ಕೂತಿದ್ದೆ. ಇಳಿಯುವಷ್ಟರಲ್ಲಿ ಸುಣ್ಣ ಒಣಗಿತ್ತು, ವಾಸನೆ ಹೋಗಿತ್ತು.