ಒಂದು ಗ್ರೋಸ್ ಕೋಟಿನ ಗುಂಡಿ

೧೯೮೩ರ ಮಾತು. ರಾಯಚೂರಿನಲ್ಲಿ ಎರಡನೇ ಪಿಯುಸಿ ಓದುತ್ತಿದ್ದ ನಾನು ಕೆಮಿಸ್ಟ್ರಿ ಒಂದರಲ್ಲೇ ಡುಮ್ಕಿ ಹೊಡೆದಿದ್ದೆ. ಅಬ್ಬಾ ಬೈಯಲಿಲ್ಲ. ಅಕ್ಟೋಬರಿನಲ್ಲಿ ಇನ್ನೊಮ್ಮೆ ಕಟ್ಟು, ಅದೂ ಹೋದರೆ ಕಾಲೇಜು ಸಾಕು ಎಂದಷ್ಟೇ ಹೇಳಿದರು. ಅವರು ಒಮ್ಮೆ ಹೇಳಿದರೆ ಮುಗಿಯಿತು.

ನನ್ನ ಪ್ರಾಣ ತಿಂದದ್ದು ಮೋಲ್ ಎಂಬ ಅಳತೆ. ಹನ್ನೆರಡು ಗ್ರಾಂ ಕಾರ್ಬನ್ನೂ ಒಂದು ಮೋಲ್ ಅಂತೆ, ಮೂವತ್ತೆರಡು ಗ್ರಾಂ ಗಂಧಕವೂ ಒಂದು ಮೋಲ್ ಅಂತೆ. ಇದೆಂಥ ನ್ಯಾಯ! ಎರಡೂ ಒಂದು ಎಂದ ಮೇಲೆ ತೂಕವೂ ಒಂದೇ ಇರಬೇಕಲ್ಲ? ಸಿಟ್ಟಿಗೆ ಪುಸ್ತಕವನ್ನು ಗೋಡೆಗೆ ಎಸೆದದ್ದೂ ಉಂಟು.

ಬಜಾರಿನಲ್ಲಿ ನಮ್ಮದು ದಾರ, ಗುಂಡಿಗಳ ಅಂಗಡಿ. ಟೇಲರ್‌ಗಳು ಗುಂಡಿಯನ್ನು ಗ್ರೋಸ್ ಲೆಕ್ಕದಲ್ಲಿ ಒಯ್ಯುತ್ತಿದ್ದರು. ಗ್ರೋಸ್ ಎಂದರೆ ನೂರಾ ನಲವತ್ನಾಲ್ಕು. ಅಷ್ಟನ್ನು ಎಣಿಸುತ್ತ ಕೂಡುವವರು ಯಾರು? ಅಬ್ಬಾ ಒಂದೊಂದು ಜಾತಿಯ ಗುಂಡಿಯನ್ನು ಒಮ್ಮೆ ಒಂದು ಗ್ರೋಸ್ ಎಣಿಸಿ, ಅದರ ತೂಕಕ್ಕೆ ಸರಿಯಾಗಿ ಒಂದೊಂದು ಬಟ್ಟೆಚೀಲಕ್ಕೆ ಮರಳು ತುಂಬಿ ಹೊಲಿದಿಟ್ಟಿದ್ದರು. ಆಮೇಲೆ ತಕ್ಕಡಿಯಲ್ಲಿ ಆ ಚೀಲವೇ ತೂಕದ ಕಲ್ಲು.

ಪರೀಕ್ಷೆಗೆ ನಾಲ್ಕು ದಿನ ಇತ್ತು. ಶುಕ್ರವಾರ ಮಧ್ಯಾಹ್ನ ಅಬ್ಬಾ ನಮಾಜಿಗೆ ಹೋದಾಗ ಪುಸ್ತಕ ಹಿಡಿದು ಅಂಗಡಿಯಲ್ಲಿ ಕೂತಿದ್ದೆ. ದೇವದುರ್ಗದಿಂದ ಬರುತ್ತಿದ್ದ ವಯಸ್ಸಾದ ಟೇಲರ್ ಕಾಕಾ ಬಂದು, ಬಸ್ಸಿಗೆ ಹೊತ್ತಾಯಿತು, ಅಂಗಿ ಗುಂಡಿ ಒಂದು ಗ್ರೋಸ್, ಕೋಟಿನ ಗುಂಡಿ ಒಂದು ಗ್ರೋಸ್ ಕೊಡು ಎಂದರು. ಕೈಗೆ ಸಿಕ್ಕಿದ್ದು ಅಂಗಿ ಗುಂಡಿಯ ಮರಳುಚೀಲ. ಎರಡೂ ಒಂದೊಂದು ಗ್ರೋಸ್ ತಾನೇ ಎಂದು ಅದೇ ಚೀಲದಿಂದ ಎರಡನ್ನೂ ತೂಗಿ ಪೊಟ್ಟಣ ಕಟ್ಟಿಬಿಟ್ಟೆ.

ಕಾಕಾ ಕೋಟಿನ ಪೊಟ್ಟಣವನ್ನು ಅಂಗೈಯಲ್ಲಿ ಆಡಿಸಿ ನೋಡಿದರು. ಇದರಲ್ಲಿ ನಲವತ್ತೂ ಇಲ್ಲ ಎಂದರು. ನಾನೇನು ಕಮ್ಮಿಯೇ? ವಾದಕ್ಕಿಳಿದೆ.

“ಎರಡೂ ಸರಿಸಮ ತೂಗೀನ್ರೀ ಕಾಕಾ. ನೀವೇ ನೋಡೀರಲ್ಲ.”

“ಸಮ ತೂಗಿದ್ದೇ ತಪ್ಪಾತಲ್ಲ ಯವ್ವಾ! ಗ್ರೋಸ್ ಅಂದ್ರ ಎಣಿಕಿ. ಅಂಗಿ ಗುಂಡಿ ಹಗರ, ಕೋಟಿನ ಗುಂಡಿ ವಜ್ಜಿ. ಎಣಿಕಿ ಒಂದೇ ಆಗಬೇಕಂದ್ರ ತೂಕ ಬ್ಯಾರೇನೇ ಆಗಬೇಕು. ಕಾಲೇಜಿನ್ಯಾಗ ಇಷ್ಟೂ ಹೇಳೂದಿಲ್ಲೇನು?”

ಅಯ್ಯೋ ನನ್ನ ಖುದಾ! ಹೇಳಿದ್ದರು, ವರ್ಷವೆಲ್ಲ ಹೇಳಿದ್ದರು. ಮೋಲ್ ತೂಕವಲ್ಲ, ಎಣಿಕೆ. ಕಾರ್ಬನ್ನಿನ ಕಣ ಹಗುರ, ಗಂಧಕದ್ದು ಭಾರ. ಎರಡರಲ್ಲೂ ಅಷ್ಟಷ್ಟೇ ಕಣಗಳು ಬೇಕೆಂದರೆ ಅದಕ್ಕೆ ಹನ್ನೆರಡು ಗ್ರಾಂ, ಇದಕ್ಕೆ ಮೂವತ್ತೆರಡು! ಕೋಟಿನ ಗುಂಡಿಯ ಚೀಲ ಹುಡುಕಿ ತೂಗಿದೆ. ಆದರೂ ಮನಸ್ಸು ತಡೆಯಲಿಲ್ಲ. ಕಾಕಾ ಬಸ್ಸು, ಬಸ್ಸು ಎನ್ನುತ್ತಿದ್ದರೂ ಕೂಡಿಸಿಕೊಂಡು ಒಂದೊಂದೇ ಎಣಿಸಿದೆ. ಸರಿಯಾಗಿ ನೂರಾ ನಲವತ್ನಾಲ್ಕು. ಖುಷಿಗೆ ನಿಂತಲ್ಲೇ ಕುಣಿದುಬಿಟ್ಟೆ. ಈ ಹುಡುಗಿಗೆ ಏನೋ ಆಗಿದೆ ಎಂಬಂತೆ ನೋಡಿ, ಅವರು ಪೊಟ್ಟಣ ಕಸಿದುಕೊಂಡು ಓಡಿದರು.

ಪರೀಕ್ಷೆಯಲ್ಲಿ ಹದಿನಾರು ಗ್ರಾಂ ಗಂಧಕದಲ್ಲಿ ಎಷ್ಟು ಕಣಗಳು ಎಂದು ಕೇಳಿದ್ದರು. ಅರ್ಧ ಮೋಲ್! ನಗುತ್ತಲೇ ಬರೆದೆ. ಪಾಸಾದೆ. ಅಬ್ಬಾ ತಾವೇ ಹೋಗಿ ಬಿಎಸ್ಸಿ ಫಾರಂ ತಂದರು.

ಕಾಕಾ ಮುಂದಿನ ಸಲ ಬಂದಾಗ ಅವರ ಕೈಯಲ್ಲಿ ಪೇಢೆಯಿಟ್ಟು, ನೀವು ಹೇಳಿಕೊಟ್ಟಿದ್ದರಿಂದ ಪಾಸಾದೆ ಎಂದೆ. ಅವರು ಪೇಢೆಯನ್ನೂ ನನ್ನನ್ನೂ ನೋಡಿದರು.

“ನಾ ಎಲ್ಲಿ ಹೇಳಿಕೊಟ್ಟೀನವಾ? ಬೈದಿದ್ದೆ, ಅಷ್ಟ.”

ಎಷ್ಟು ತಿಳಿಸಿ ಹೇಳಿದರೂ ಅವರು ನಂಬಲೇ ಇಲ್ಲ. ಆ ಶುಕ್ರವಾರದ ಬದಲು ತಾವು ನಾಲ್ಕು ದಿನ ತಡವಾಗಿ ಬಂದಿದ್ದರೆ ನನ್ನ ಓದು ಅಲ್ಲಿಗೇ ನಿಲ್ಲುತ್ತಿತ್ತು ಎಂಬುದು ಕೊನೆಗೂ ಅವರಿಗೆ ತಿಳಿಯಲಿಲ್ಲ.