ಹದಿನಾಲ್ಕು ಕಂಪ್ಯೂಟರು, ಒಂದು ಫ್ಲಾಪಿ

ಸಿಟ್ಟು ಬಂದರೆ ಜುಬೈದಾಳ ಮಾತು ನಿಂತುಹೋಗುತ್ತಿತ್ತು. 1999ರ ಅಕ್ಟೋಬರಿನಲ್ಲಿ ಒಂದು ಮಂಗಳವಾರ, ಎರ್ನಾಕುಳಂನಿಂದ ತಿರುವನಂತಪುರಕ್ಕೆ ಹೊರಟ ಬೆಳಗಿನ ರೈಲಿನಲ್ಲಿ ಅವಳು ಯಾರೊಂದಿಗೂ ತುಟಿ ಬಿಚ್ಚಲಿಲ್ಲ. ಪಕ್ಕದಲ್ಲಿದ್ದ ಹೆಂಗಸು ಎಲ್ಲಿಗೆ ಅಂತ ಕೇಳಿದರೂ ಕಿಟಕಿಯ ಕಡೆ ಮುಖ ತಿರುಗಿಸಿದಳು.

ಅವಳು ಮಂಜೇಶ್ವರದ ಕಡೆಯವಳು. ಕನ್ನಡ ಶಾಲೆಯಲ್ಲಿ ಕಲಿತು, ಎಲೆಕ್ಟ್ರಾನಿಕ್ಸ್ ಡಿಪ್ಲೊಮಾ ಮುಗಿಸಿದ್ದಳು. ಗಂಡ ಇಸ್ಮಾಯಿಲನಿಗೆ ಕೊಚ್ಚಿ ಬಂದರಿನಲ್ಲಿ ಕೆಲಸವಾದ ಮೇಲೆ ತ್ರಿಪ್ಪುಣಿತ್ತುರದಲ್ಲಿ ಮನೆ ಮಾಡಿದ್ದರು. ಕಂಪ್ಯೂಟರ್ ಮಾರಿ, ರಿಪೇರಿಯನ್ನೂ ಮಾಡುತ್ತಿದ್ದ ಎರ್ನಾಕುಳಂನ ಕಂಪೆನಿಯೊಂದರಲ್ಲಿ ಆರು ವರ್ಷದಿಂದ ಅವಳು ಸರ್ವಿಸ್ ಇಂಜಿನಿಯರು. ಅಲ್ಲಿನ ಮ್ಯಾನೇಜರ್ ಕಾಶೀನಾಥ ಧಾರವಾಡದವನು. ಆಫೀಸಿನಲ್ಲಿ ಕನ್ನಡ ಬರುತ್ತಿದ್ದದ್ದು ಇವರಿಬ್ಬರಿಗೇ. ಆ ಅನುಕೂಲವನ್ನು ಅವನು ಚೆನ್ನಾಗಿ ಬಳಸಿಕೊಳ್ಳುತ್ತಿದ್ದ. ಚುಚ್ಚುವ ಮಾತನ್ನು ನಗುನಗುತ್ತಾ ಕನ್ನಡದಲ್ಲಿ ಆಡುತ್ತಿದ್ದ. ನೋಡಿದವರಿಗೆ ಒಂದೇ ಊರಿನವರು ಕಷ್ಟಸುಖ ಮಾತಾಡಿದಂತೆ ಕಾಣುತ್ತಿತ್ತು.

ಆ ವರ್ಷ ಎಲ್ಲ ಕಡೆ ಒಂದೇ ಹೆದರಿಕೆ. ಹೊಸ ವರ್ಷ ಬಂದ ಕೂಡಲೇ ಹಳೆಯ ಕಂಪ್ಯೂಟರುಗಳು 2000 ಅನ್ನು 1900 ಎಂದುಕೊಳ್ಳುತ್ತವೆ ಎಂಬುದು. ಅದಕ್ಕೆ ಬಯಾಸ್ ಬದಲಿಸಬೇಕಿತ್ತು. ಬಯಾಸ್ ಅಂದರೆ ಸ್ವಿಚ್ ಹಾಕಿದ ತಕ್ಷಣ ಕಂಪ್ಯೂಟರನ್ನು ಎಬ್ಬಿಸುವ ಪುಟ್ಟ ಪ್ರೋಗ್ರಾಮು. ಮದರ್‌ಬೋರ್ಡಿನ ಒಂದು ಚಿಪ್ಪಿನಲ್ಲಿ ಕೂತಿರುತ್ತದೆ. ಹೊಸದನ್ನು ಬರೆಯುತ್ತಿರುವಾಗ ಕರೆಂಟು ಹೋದರೆ, ಇಲ್ಲವೇ ಬೇರೆ ಬೋರ್ಡಿನ ಫೈಲು ಬರೆದುಬಿಟ್ಟರೆ, ಕಂಪ್ಯೂಟರು ಮತ್ತೆ ಕಣ್ಣು ಬಿಡುವುದಿಲ್ಲ.

ತಿರುವನಂತಪುರದ ಉಳ್ಳೂರಿನ ಒಂದು ಡಯಾಲಿಸಿಸ್ ಕೇಂದ್ರಕ್ಕೆ ಇವರ ಕಂಪೆನಿ ಹದಿನಾಲ್ಕು ಕಂಪ್ಯೂಟರ್ ಕೊಟ್ಟಿತ್ತು. ಸೆಪ್ಟೆಂಬರಿನಲ್ಲಿ ಜುಬೈದಾ ಅಲ್ಲಿಗೆ ಹೋಗಿ ಒಂದೊಂದರ ಮುಚ್ಚಳ ಬಿಚ್ಚಿ, ಬೋರ್ಡಿನ ನಂಬರು ಬರೆದುಕೊಂಡು ಬಂದಿದ್ದಳು. ಹೊರಗಿನಿಂದ ಎಲ್ಲ ಒಂದೇ. ಒಳಗೆ ಹನ್ನೊಂದರಲ್ಲಿ ಒಂದು ಬಗೆಯ ಬೋರ್ಡು, ಮೂರರಲ್ಲಿ ಇನ್ನೊಂದು. ಎರಡಕ್ಕೂ ಬೇರೆ ಬೇರೆ ಫೈಲು ಬೇಕು, ಮೊದಲು ಹಳೆಯ ಬಯಾಸನ್ನು ಫ್ಲಾಪಿಗೆ ಉಳಿಸಿಕೊಳ್ಳಬೇಕು, ಯುಪಿಎಸ್ ಇಲ್ಲದೆ ಕೈ ಹಾಕಬಾರದು ಎಂದು ವರದಿಯಲ್ಲಿ ಬರೆದು ಕಾಶೀನಾಥನ ಸಹಿ ಹಾಕಿಸಿದ್ದಳು. ಕಾರ್ಬನ್ ಪ್ರತಿ ತನ್ನ ಬಳಿ ಇಟ್ಟುಕೊಂಡಿದ್ದಳು.

ಕೆಲಸದ ದಿನ ಬಂದಾಗ, ಹೆಂಗಸು ಅಷ್ಟು ದೂರ ಮತ್ತೆ ಯಾಕೆ ಎಂದು ಕಾಶೀನಾಥ ತಾನೇ ಹೊರಟ. ಒಂದೊಂದು ಬಗೆಯ ಬೋರ್ಡಿಗೆ ಒಂದರಂತೆ ಅವಳು ಕೊಟ್ಟ ಎರಡು ಫ್ಲಾಪಿಗಳಲ್ಲಿ, ಆ ಮೂರು ಬೋರ್ಡುಗಳದ್ದನ್ನು ಮೇಜಿನ ಮೇಲೆಯೇ ಬಿಟ್ಟು ಹೋದ. ಸೋಮವಾರ ಸಂಜೆ ಕೇಂದ್ರದಿಂದ ಫೋನು ಬಂತು. ಎರಡು ಕಂಪ್ಯೂಟರು ಸತ್ತಿವೆ. ಒಂದರಲ್ಲಿ, ಯಾವ ರೋಗಿಗೆ ಯಾವ ದಿನ ಡಯಾಲಿಸಿಸ್ ಎಂಬ ಪಟ್ಟಿ ಇದೆ. ತಪ್ಪು ಫೈಲು ಕೊಟ್ಟದ್ದು ಜುಬೈದಾ ಎಂದು ಕಾಶೀನಾಥ ಆಗಲೇ ಕೇಂದ್ರದ ಡಾಕ್ಟರ್ ರಾಮಚಂದ್ರನ್‌ಗೆ ಮಲಯಾಳದಲ್ಲಿ ಹೇಳಿಯಾಗಿತ್ತು.

ಅವಳು ಉಳ್ಳೂರು ತಲುಪಿದಾಗ ಹನ್ನೊಂದು ಗಂಟೆ. ಬೆಂಚಿನ ಮೇಲೆ ರೋಗಿಗಳು ಕೂತಿದ್ದರು. ಬಾತ ಕಾಲು, ಬಿಳಿಚಿದ ಮುಖ. ಅವರ ಸರದಿ ಯಾವಾಗ ಎಂದು ಹೇಳುವವರಿಲ್ಲ. ಕಾಶೀನಾಥ ಚಹಾ ಕುಡಿಯುತ್ತಿದ್ದ.

"ಬಂದ್ರೇನ್ರೀ? ನಿಮ್ಮ ಫೈಲ್ ಭಾಳ ತೊಂದರೆ ಕೊಟ್ಟಿತು ನೋಡ್ರಿ."

ಜುಬೈದಾ ನೇರ ಪಟ್ಟಿಯಿದ್ದ ಕಂಪ್ಯೂಟರಿನ ಹತ್ತಿರ ಹೋದಳು. ಅದರ ಹಾರ್ಡ್ ಡಿಸ್ಕ್ ಬಿಚ್ಚಿ, ಚೆನ್ನಾಗಿದ್ದ ಇನ್ನೊಂದಕ್ಕೆ ಜೋಡಿಸಿದಳು. ಕಾಲು ಗಂಟೆಯಲ್ಲಿ ಪಟ್ಟಿ ಪ್ರಿಂಟಾಗಿ ಬಂತು. ಇಷ್ಟನ್ನು ಕಾಶೀನಾಥ ನಿನ್ನೆಯೇ ಮಾಡಬಹುದಿತ್ತು.

ಕೌಂಟರಿನಲ್ಲಿದ್ದ ನರ್ಸ್ ಚಂದ್ರಮ್ಮ ಕೋಲಾರದವಳು. ನಡೆದದ್ದನ್ನು ಅವಳೇ ಹೇಳಿದಳು. ಈ ಫೈಲು ಈ ಬೋರ್ಡಿಗೆ ಹೊಂದುವುದಿಲ್ಲ ಎಂದು ಪರದೆಯ ಮೇಲೆ ಬಂದಿತ್ತಂತೆ. ಕಾಶೀನಾಥ ಅದನ್ನು ಓದದೆ, ಹೌದು ಎನ್ನುವ 'ವೈ' ಒತ್ತಿದನಂತೆ. ಒಂದು ಸತ್ತ ಮೇಲೂ ಎರಡನೆಯದಕ್ಕೆ ಕೈ ಹಾಕಿದನಂತೆ. ಮೂರನೆಯದು ಚಂದ್ರಮ್ಮನದು; ಕೆಲಸ ಮುಗಿಯುವವರೆಗೆ ಏಳುವುದಿಲ್ಲ ಎಂದು ಅವಳು ಹಟ ಹಿಡಿದು ಕೂತದ್ದರಿಂದ ಅದು ಉಳಿದಿತ್ತು.

ಅದೇ ಬಗೆಯ ಬೋರ್ಡಿದ್ದ ಆ ಒಂದೇ ಈಗ ದಾರಿ. ಜುಬೈದಾ ಅದರ ಹಳೆಯ ಬಯಾಸನ್ನು ಮೊದಲು ಫ್ಲಾಪಿಗೆ ಉಳಿಸಿದಳು. ಆಮೇಲೆ ಕಂಪ್ಯೂಟರ್ ಆರಿಸಿ, ಬಯಾಸ್ ಚಿಪ್ಪನ್ನು ಮೆಲ್ಲಗೆ ಸಡಿಲಿಸಿ, ಅದರ ಅಡಿಯಲ್ಲಿ ದಾರ ತೂರಿಸಿದಳು. ಯುಪಿಎಸ್ ನೋಡಿಕೊಂಡು, ಫ್ಲಾಪಿಯಿಂದ ಮತ್ತೆ ಎಬ್ಬಿಸಿದಳು. ಒಮ್ಮೆ ಎದ್ದ ಮೇಲೆ ಕಂಪ್ಯೂಟರು ಆ ಚಿಪ್ಪಿಲ್ಲದೆಯೂ ಸ್ವಲ್ಪ ಹೊತ್ತು ನಡೆಯುತ್ತದೆ. ಕರೆಂಟು ಹರಿಯುತ್ತಿರುವಾಗಲೇ ದಾರ ಎಳೆದು ಒಳ್ಳೆಯ ಚಿಪ್ಪು ತೆಗೆದಳು. ಸತ್ತ ಕಂಪ್ಯೂಟರಿನಿಂದ ಬಿಚ್ಚಿದ ಚಿಪ್ಪಿನ ಅಂಚಿನ ಕಚ್ಚು ಯಾವ ಕಡೆಗಿದೆ ಎಂದು ಎರಡು ಸಲ ನೋಡಿ ಅದೇ ಜಾಗದಲ್ಲಿ ಕೂರಿಸಿ, ಕಾಶೀನಾಥ ಮೇಜಿನ ಮೇಲೆ ಬಿಟ್ಟಿದ್ದ, ತಾನು ಜೊತೆಗೆ ತಂದಿದ್ದ ಫ್ಲಾಪಿಯಿಂದ ಸರಿಯಾದ ಫೈಲು ಬರೆದಳು. ಕೈ ಜಾರಿದ್ದರೆ ಮೂರನೆಯ ಬೋರ್ಡೂ ಹೋಗುತ್ತಿತ್ತು. ಜಾರಲಿಲ್ಲ. ಇನ್ನೊಂದು ಚಿಪ್ಪಿಗೂ ಹಾಗೆಯೇ ಮಾಡಿದಳು. ಕೊನೆಗೆ ಚಿಪ್ಪುಗಳನ್ನು ತಂತಮ್ಮ ಬೋರ್ಡಿಗೆ ಮರಳಿಸಿ, ಚಂದ್ರಮ್ಮನ ಕಂಪ್ಯೂಟರಿಗೂ ಹೊಸ ಬಯಾಸ್ ಬರೆದಳು. ಮೂರೂ ಎದ್ದವು.

ಆಗ ಕಾಶೀನಾಥ ಆ ದಿನದ ಕೆಲಸದ ವರದಿಯ ಹಾಳೆ ಚಾಚಿದ. ವೋಲ್ಟೇಜ್ ಏರುಪೇರಿನಿಂದ ಎರಡು ಬೋರ್ಡು ಕೆಟ್ಟಿದ್ದವು, ಸರಿಪಡಿಸಲಾಗಿದೆ ಎಂದಿತ್ತು.

"ಸಹಿ ಮಾಡ್ರಿ."

"ನಿನ್ನೆ ನನ್ನ ತಪ್ಪು, ಇವತ್ತು ಕರೆಂಟಿನ ತಪ್ಪಾ ಸರ್?"

"ನಮ್ಮೊಳಗ ಇರಲಿ ಬಿಡ್ರಿ. ನಾವಿಬ್ಬರೂ ಕನ್ನಡದವರು."

ಬೆಳಗಿನಿಂದ ಕಟ್ಟಿಕೊಂಡಿದ್ದ ಬಾಯಿ ಆಗ ಪೂರ್ತಿ ಬಿಚ್ಚಿತು. "ನನ್ನ ಹೆಸರು ನೀವು ಡಾಕ್ಟರ ಹತ್ತಿರ ಮಲಯಾಳದಲ್ಲಿ ಹೇಳಿದ್ದಲ್ವಾ? ಅದೇ ಭಾಷೆಯಲ್ಲಿ ವಾಪಸ್ ತಗೊಳ್ಳಿ. ಈಗಲೇ ಬನ್ನಿ."

ಅವನು ಡಾಕ್ಟರ ಬಾಗಿಲವರೆಗೆ ಬಂದು ನಿಂತ. ಅವಳು ಒಳಗೆ ಹೋಗಿ ಆ ಹಾಳೆಯನ್ನೂ ಸೆಪ್ಟೆಂಬರಿನ ವರದಿಯ ಕಾರ್ಬನ್ ಪ್ರತಿಯನ್ನೂ ಮೇಜಿನ ಮೇಲಿಟ್ಟಳು. ಡಾಕ್ಟರು ಓದಿ, ಪ್ರತಿಯ ಕೆಳಗಿನ ಸಹಿ ಯಾರದೆಂದು ಕೇಳಿದರು. ಕಾಶೀನಾಥ ಇಂಗ್ಲಿಷಿನಲ್ಲಿ ಏನೋ ಸಣ್ಣ ಗೊಂದಲ ಅಂದ. ಗೊಂದಲವಲ್ಲ, ಬೇರೆ ಬೇರೆ ಫೈಲು ಬೇಕೆಂದು ಮೂರನೆಯ ಸಾಲಿನಲ್ಲೇ ಬರೆದಿದೆ ಎಂದು ಜುಬೈದಾ ಮಲಯಾಳದಲ್ಲಿ ಹೇಳಿದಳು. ಡಾಕ್ಟರು ವೋಲ್ಟೇಜಿನ ಸಾಲನ್ನು ಹೊಡೆದುಹಾಕಿ, ನಡೆದದ್ದನ್ನು ತಮ್ಮ ಕೈಯಲ್ಲೇ ಬರೆದು ಸಹಿ ಮಾಡಿದರು.

ಎರ್ನಾಕುಳಂನ ಆಫೀಸಿನಲ್ಲಿ ಅವಳಿಗೆ ಸಿಕ್ಕಿದ್ದು ಬೈಗುಳ. ಕಂಪೆನಿಯ ಒಳಗಿನ ಕಾಗದವನ್ನು ಗಿರಾಕಿಗೆ ತೋರಿಸಿದ್ದಕ್ಕೆ ಕ್ಷಮಾಪಣೆ ಪತ್ರ ಬರೆದುಕೊಡಬೇಕು ಎಂದು ಮಾಲೀಕರು ಹೇಳಿದರು. ಅವಳು ಬರೆಯಲಿಲ್ಲ. ನವೆಂಬರಿನಲ್ಲಿ ರಾಜೀನಾಮೆ ಕೊಟ್ಟು ತ್ರಿಪ್ಪುಣಿತ್ತುರದಲ್ಲಿ ಸ್ವಂತ ಸರ್ವಿಸ್ ಅಂಗಡಿ ತೆರೆದಳು. ಮೊದಲ ಕೆಲಸ ಬಂದದ್ದು ಉಳ್ಳೂರಿನಿಂದಲೇ.

ಜನವರಿ ಒಂದರ ಬೆಳಿಗ್ಗೆ ಚಂದ್ರಮ್ಮ ಫೋನು ಮಾಡಿ, ಹದಿನಾಲ್ಕೂ ಕಂಪ್ಯೂಟರಿನಲ್ಲಿ ತಾರೀಕು ಸರಿಯಾಗಿದೆ ಅಂದಳು. ಇನ್ನಾದರೂ ಆ ಸಿಟ್ಟು ಬಿಡು ಎಂದ ಇಸ್ಮಾಯಿಲ್.

"ಪತ್ರ ಬರೆ ಅಂತ ಕೇಳಿದ್ದು ನನ್ನ ಹತ್ತಿರ," ಅಂದಳು ಜುಬೈದಾ. "ಕಾಶೀನಾಥನ ಹತ್ತಿರ ಇವತ್ತಿನವರೆಗೆ ಯಾರೂ ಒಂದು ಸಾಲು ಕೇಳಲಿಲ್ಲ. ನಾನ್ಯಾಕೆ ಬಿಡಬೇಕು?"