ದರ್ಶಿನಿ ಕೊಟ್ಟ ಒಂದು ಮಧ್ಯಾಹ್ನ

ಕಳೆದ ಭಾನುವಾರ ನಮ್ಮ ಮನೆಯಿಂದ ಇಬ್ಬರು ಕಾಣೆಯಾದರು. ಒಬ್ಬಳು ನನ್ನ ಮಗಳು ದರ್ಶಿನಿ, ಐದನೇ ಕ್ಲಾಸು. ಇನ್ನೊಬ್ಬರು ನನ್ನ ಅತ್ತೆ, ಅವಳು 'ಪಾಟಿ' ಅಂತ ಕರೆಯುವ ಅಜ್ಜಿ. ಎರಡೂ ಕಣ್ಣಿಗೆ ಪೊರೆ.

ನಮ್ಮೂರು ಕೊಂಬೈ ಏನು ಮಹಾನಗರವಲ್ಲ. ಆದರೂ ಹುಡುಕುವಾಗ ಊರು ಎಷ್ಟು ದೊಡ್ಡದಾಗುತ್ತೆ ಗೊತ್ತಾ? ತೋಟದಲ್ಲಿಲ್ಲ. ಪಕ್ಕದ ಮನೆಗಳಲ್ಲಿಲ್ಲ. ಅತ್ತೆಯ ಫೋನು ಅಡುಗೆಮನೆಯಲ್ಲೇ ರಿಂಗಾಯಿತು. ಕೊನೆಗೆ ಬಸ್‌ಸ್ಟ್ಯಾಂಡಿನಲ್ಲಿ ಹೂ ಮಾರುವಾಕೆ ಹೇಳಿದಳು: "ಪಾಟಿ ಕೈ ಹಿಡ್ಕೊಂಡು ಚಿನ್ನಮನೂರು ಬಸ್ ಹತ್ತಿಸಿದಳಲ್ಲಮ್ಮಾ ನಿನ್ನ ಮಗಳು!"

ಅಲ್ಲಿ ಬಸ್ ಬದಲಿಸಿದರೆ ಓಡೈಪಟ್ಟಿ. ಓಡೈಪಟ್ಟಿಯಲ್ಲಿ ಅತ್ತೆಯ ಅಕ್ಕ. ಆ ಮನೆಗೂ ನಮಗೂ ಮಾತಿಲ್ಲ. (ದ್ರಾಕ್ಷಿ ತೋಟದ ಬೋರ್‌ವೆಲ್ ಜಗಳ. ಒಂದು ಕಡೆ ನನ್ನ ಗಂಡ, ಇನ್ನೊಂದು ಕಡೆ ಅವರ ದೊಡ್ಡಮ್ಮನ ಮಗ. ಪೊಲೀಸ್ ಸ್ಟೇಷನ್ನಿನವರೆಗೂ ಹೋಗಿ ಬಂದಿದೆ.)

ಆ ವಾರ ಮಗಳಿಗೆ ನಾನೇ ಹೇಳಿದ್ದೆ: "ಭಾನುವಾರ ಪಾಟಿ ಬರ್ತ್‌ಡೇಗೆ ಅಂಗಡಿ ಗಿಫ್ಟ್ ಬೇಡ. ನಿನ್ನ ಟೈಮ್ ಕೊಡು. ಅವರಿಗೇನು ಆಸೆ ಕೇಳು, ಅದನ್ನ ಮಾಡು." ಕಾಲು ಒತ್ತುತ್ತಾಳೆ, ತಲೆ ಬಾಚುತ್ತಾಳೆ ಅಂದುಕೊಂಡಿದ್ದೆ.

ಅವಳು ಕೇಳಿದ್ದಾಳೆ. ಅತ್ತೆ ಹೇಳಿದ್ದಾರೆ.

ನಮ್ಮನೆಯವರು ಬೈಕ್ ತೆಗೆದರು. ನಾನು ಹಿಂದೆ ಕೂತೆ. ದಾರಿಯುದ್ದಕ್ಕೂ ಇವರದು ಒಂದೇ ಮಾತು: "ಆ ಮನೇಲಿ ಅವ್ವನ್ನ ಯಾರಾದ್ರೂ ಒಂದು ಮಾತು ಅಂದಿರ್ಲಿ, ನೋಡ್ಕೋತೀನಿ." ನನಗೆ ಭಯ ಈಗ ಕಳೆದುಹೋದವರದ್ದಲ್ಲ. ಹುಡುಕಲು ಹೊರಟವರದ್ದು.

ದೊಡ್ಡಮ್ಮನ ಮಗ ಗೇಟಿನಲ್ಲೇ ನಿಂತಿದ್ದ. ಇವರ ಕೈ ಹ್ಯಾಂಡಲ್ ಬಿಡಲಿಲ್ಲ. ಅವನ ಕೈ ಗೇಟು ಬಿಡಲಿಲ್ಲ. ಎಂಜಿನ್ ಗುರುಗುಡುತ್ತಲೇ ಇತ್ತು.

ಅವನ ಹಿಂದೆ ಜಗಲಿ ಕಾಣಿಸಿತು. ಮಂಚದ ಮೇಲೆ ದೊಡ್ಡಮ್ಮ. ಬಾಯಿ ಒಂದು ಕಡೆ ಸೊಟ್ಟಗಾಗಿತ್ತು, ಬಲಗೈ ಜೋತುಬಿದ್ದಿತ್ತು. ಪಾರ್ಶ್ವವಾಯು ಹೊಡೆದು ತಿಂಗಳುಗಳೇ ಆಗಿವೆಯಂತೆ. ನಮಗೆ ಯಾರೂ ತಿಳಿಸಿರಲಿಲ್ಲ. (ತಿಳಿಸಲು ಮಾತಾದರೂ ಇರಬೇಕಲ್ಲ?) ಅತ್ತೆ ಕಣ್ಣು ಕಾಣದೆ ಅಕ್ಕನ ಮುಖವನ್ನು ಬೆರಳಿನಿಂದ ಸವರಿ ಸವರಿ ನೋಡುತ್ತಿದ್ದರು. ದರ್ಶಿನಿ ಚಮಚದಲ್ಲಿ ಗಂಜಿ ಕುಡಿಸುತ್ತಿದ್ದಳು.

"ಏಳವ್ವಾ, ಹೋಗೋಣ," ಅಂದರು ಇವರು, ಗೇಟಿನಾಚೆಯಿಂದಲೇ.

ಅತ್ತೆ ತಿರುಗಲಿಲ್ಲ. "ಬೋರು ನಿಮ್ದು. ಜಗಳ ನಿಮ್ದು. ಅಕ್ಕ ನನ್ನೋಳು."

ದರ್ಶಿನಿ ಚಮಚವನ್ನು ಗಂಜಿ ಬಟ್ಟಲಲ್ಲಿಟ್ಟು ತಿರುಗಿದಳು. "ಅಪ್ಪಾ, ಇನ್ನೂ ಸಾಯಂಕಾಲ ಆಗಿಲ್ಲ. ಸಾಯಂಕಾಲದವರೆಗೂ ನನ್ನ ಟೈಮ್ ಪಾಟಿಗೆ ಕೊಟ್ಟುಬಿಟ್ಟಿದೀನಿ."

ಇವರು ಎಂಜಿನ್ ಆಫ್ ಮಾಡಿದರು. ಅವನು ಗೇಟಿನಿಂದ ಒಂದು ಹೆಜ್ಜೆ ಪಕ್ಕಕ್ಕೆ ಸರಿದ. ಅಷ್ಟೇ. ಇಬ್ಬರೂ ಜಗಲಿಯ ಎರಡು ತುದಿಯಲ್ಲಿ ಕೂತರು, ಕತ್ತಲಾಗುವವರೆಗೂ ಒಂದಕ್ಷರ ಆಡಲಿಲ್ಲ. ಆದರೆ ಹೊರಡುವಾಗ ಅತ್ತೆಯನ್ನು ಮೆಟ್ಟಿಲು ಇಳಿಸಿದ್ದು ಅವನ ಕೈ.

ಮನೆಗೆ ಬಂದು ಮಗಳನ್ನು ಚೆನ್ನಾಗಿ ಬೈದೆ. ಲಾರಿ ಓಡಾಡುವ ರಸ್ತೆ, ಎರಡು ಬಸ್ಸು, ಕಣ್ಣು ಕಾಣದ ಪಾಟಿ. ಒಂದು ಮಾತು ಹೇಳಿ ಹೋಗಬಾರದಿತ್ತಾ?

ಅವಳು ಅಳುತ್ತಲೇ ಕೇಳಿದಳು: "ಹೇಳಿದ್ರೆ ನೀವು ಬಿಡ್ತಿದ್ರಾ ಅಮ್ಮಾ?"